ಓಟಗಾರರ ಬಿಳಿಕಣ ಎಣಿಸುವ ಸೂಜಿಯಮ್ಮ

ಬೆಳಗಿನ ಐದೂ ಮುಕ್ಕಾಲು. ಕ್ರೀಡಾಂಗಣದ ಹಿಂಬದಿಯ ಉದ್ದನೆಯ ಕಟ್ಟಡದಲ್ಲಿ ಒಂದೇ ಒಂದು ಕೋಣೆಗೆ ದೀಪ ಹತ್ತಿದೆ. ಒಳಗೆ ಸೂಜಿಯಮ್ಮ ಬಿಸಿನೀರಿನ ಲೋಟವನ್ನು ಎರಡೂ ಅಂಗೈಗಳ ನಡುವೆ ಒತ್ತಿ ಹಿಡಿದು ಕೂತಿದ್ದಾರೆ. ಕುಡಿಯುವುದಕ್ಕಲ್ಲ. ತಣ್ಣನೆಯ ಕೈ ತಾಗಿದರೆ ಎದುರಿನವರ ತೋಳು ಸೆಟೆದುಕೊಳ್ಳುತ್ತದೆ, ತೋಳು ಸೆಟೆದರೆ ನರ ಒಳಗೆ ಸರಿದು ಅಡಗುತ್ತದೆ, ಆಗ ಎರಡನೇ ಸಲ ಚುಚ್ಚಬೇಕಾಗುತ್ತದೆ. ಮೂವತ್ತೊಂದು ವರ್ಷ ರಕ್ತ ತೆಗೆದ ಮೇಲೂ ಎರಡನೇ ಸಲ ಚುಚ್ಚುವುದೆಂದರೆ ಅವರಿಗೆ ಮುಖ ಎತ್ತಲಾಗದಷ್ಟು ನಾಚಿಕೆ.

ಹೊರಗೆ ಗೋಡೆಗೆ ತಾಗಿದ ಬೆಂಚಿನ ಮೇಲೆ ಒಂಬತ್ತು ಮಂದಿ ದೂರದ ಓಟಗಾರರು ಆಕಳಿಸುತ್ತ ಕೂತಿದ್ದಾರೆ. ಒಬ್ಬೊಬ್ಬರಾಗಿ ಒಳಗೆ ಬರುತ್ತಾರೆ, ತೋಳು ಚಾಚುತ್ತಾರೆ. ಸೂಜಿಯಮ್ಮ ರಬ್ಬರಿನ ಪಟ್ಟಿ ಬಿಗಿದು, ಮೊಣಕೈಯ ಒಳಮಡಿಕೆಯನ್ನು ಬೆರಳ ತುದಿಯಿಂದ ಎರಡು ಸಲ ತಟ್ಟುತ್ತಾರೆ. "ಮುಷ್ಟಿ ಹಿಡಿ. ಹ್ಞಾಂ. ಈಗ ನಿಮ್ಮ ಕೋಚ್ ಬಗ್ಗೆ ಒಂದು ಕೆಟ್ಟ ಮಾತು ಹೇಳು ನೋಡೋಣ." ಹುಡುಗ ಯಾವುದನ್ನು ಹೇಳಲಿ, ಯಾವುದನ್ನು ಬಿಡಲಿ ಎಂದು ಯೋಚಿಸುವಷ್ಟರಲ್ಲಿ ಕೊಳವೆ ತುಂಬಿ, ಹತ್ತಿ ಒತ್ತಿ ಆಗಿರುತ್ತದೆ. "ಇಷ್ಟು ವರ್ಷದಲ್ಲಿ ಒಬ್ಬರೂ ಮಾತು ಮುಗಿಸಿಲ್ಲ," ಎನ್ನುತ್ತಾರೆ ಸೂಜಿಯಮ್ಮ. "ಕೋಚ್ ಪುಣ್ಯವಂತ."

ಕೊನೆಯದಾಗಿ ಬಂದವಳು ಒಣಕಲು ಮೈಯ, ಉದ್ದ ಕಾಲಿನ, ಮೂವತ್ತನಾಲ್ಕು ವರ್ಷದ ಹೆಣ್ಣು. ಬಾಟಲಿ ತೊಳೆಯುವ ಕಾರ್ಖಾನೆಯಲ್ಲಿ ಮಧ್ಯಾಹ್ನದ ಪಾಳಿಯ ಕೆಲಸ. ಐವತ್ತು ಕಿಲೋಮೀಟರ್ ಓಟದಲ್ಲಿ ಮೊದಲ ಸುತ್ತಿಗೂ ಕೊನೆಯ ಸುತ್ತಿಗೂ ಎರಡು ಸೆಕೆಂಡಿನ ವ್ಯತ್ಯಾಸ ಬರದಂತೆ ಓಡುವುದರಿಂದ ಎಲ್ಲರೂ ಅವಳನ್ನು ಗಡಿಯಾರ ಎಂದೇ ಕರೆಯುತ್ತಾರೆ. ಕುರ್ಚಿಯಲ್ಲಿ ಕೂರುವ ಮೊದಲೇ ಅವಳು ಮೇಜಿನ ಮೇಲೆ ಒಂದು ಚೀಟಿ ಇಡುತ್ತಾಳೆ.

"ಬಸ್ಸಲ್ಲೇ ಬಂದೆ ಅಮ್ಮ. ಟಿಕೆಟ್ ನೋಡಿ."

"ನಾನೇನು ಕಂಡಕ್ಟರಾ? ಎತ್ತಿಟ್ಕೋ."

ಹಾಗೆನ್ನುತ್ತಲೇ ಸೂಜಿಯಮ್ಮ ಆ ಟಿಕೆಟ್ಟನ್ನು ತಾವೇ ಎತ್ತಿ, ಗಂಟೆ ನೋಡಿ, ಅವಳ ಫಾರಂಗೆ ಪಿನ್ನು ಹಾಕಿ ಸಿಕ್ಕಿಸುತ್ತಾರೆ. ಮತ್ತೊಮ್ಮೆ ಲೋಟ ಮುಟ್ಟಿ ಅಂಗೈ ಬಿಸಿ ಮಾಡಿಕೊಳ್ಳುತ್ತಾರೆ. ಈ ಸಲದ ಐವತ್ತು ಕಿಲೋಮೀಟರ್ ಓಟದ ಸ್ಪರ್ಧೆಗೆ ಇವತ್ತು ಮಧ್ಯಾಹ್ನ ಹನ್ನೆರಡಕ್ಕೆ ಕೋಚ್ ತಂಡದ ಪಟ್ಟಿ ಕಳಿಸಬೇಕು. ಎಂಟು ಹೆಸರು ಬರೆದಾಗಿದೆ. ಒಂಬತ್ತನೆಯದು ಗಡಿಯಾರದ್ದು ಆಗುತ್ತದೋ ಇಲ್ಲವೋ ಎಂಬುದು ಈ ಕೊಳವೆಯ ರಕ್ತದ ಮೇಲಿದೆ. ಮತ್ತು ಅವಳ ಹೆಸರನ್ನು ಆ ಪಟ್ಟಿಯಿಂದ ಹೊರಗೆ ಹಾಕಿಸಿದ್ದು ಸೂಜಿಯಮ್ಮನ ಸಹಿಯಿದ್ದ ಕಾಗದ.

ಸೂಜಿಯಮ್ಮನ ಹುದ್ದೆಯ ಹೆಸರು ಪ್ರಯೋಗಾಲಯ ತಂತ್ರಜ್ಞೆ. ಬಾಗಿಲ ಮೇಲಿನ ಫಲಕದಲ್ಲಿ ಆ ಅಕ್ಷರಗಳಿವೆ, ಆದರೆ ಅವನ್ನು ಓದಿ ಒಳಗೆ ಬಂದವರು ಯಾರೂ ಇಲ್ಲ. ಇಪ್ಪತ್ತೆರಡನೇ ವಯಸ್ಸಿನಲ್ಲಿ ಅವರು ಒಂದು ಆಸ್ಪತ್ರೆಯ ಲ್ಯಾಬಿಗೆ ಗಾಜಿನ ಪಟ್ಟಿ ತೊಳೆಯುವ ಕೆಲಸಕ್ಕೆ ಸೇರಿದರು. ಬೆಳಗಿನಿಂದ ಸಂಜೆಯವರೆಗೆ ಬೇರೆಯವರ ರಕ್ತದ ಕಲೆ ಉಜ್ಜುವುದು. ಒಂದು ದಿನ ಅಲ್ಲಿನ ಹಿರಿಯ ತಂತ್ರಜ್ಞರು, "ದಿನಾ ತೊಳೀತೀಯಲ್ಲ, ಏನು ತೊಳೀತಿದೀಯ ಅಂತ ನೋಡು ಬಾ," ಎಂದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು. "ಗುಲಾಬಿ ಬಣ್ಣದ ಅಂಗಳದಲ್ಲಿ ಯಾರೋ ನೇರಳೆ ಹೂ ಚೆಲ್ಲಿದ ಹಾಗಿತ್ತು," ಎಂದು ಅವರು ಇವತ್ತಿಗೂ ಹೇಳುತ್ತಾರೆ. "ಆವತ್ತು ಮನೆಗೆ ಹೋಗಿ ಊಟ ಮಾಡಕ್ಕಾಗ್ಲಿಲ್ಲ. ಅಸಹ್ಯಕ್ಕಲ್ಲ, ಖುಷಿಗೆ."

ಸಂಜೆಯ ತರಗತಿಯಲ್ಲಿ ಎರಡು ವರ್ಷ ಓದಿ ಡಿಪ್ಲೊಮಾ ಮಾಡಿದರು. ಆಮೇಲೆ ಹನ್ನೊಂದು ವರ್ಷ, ಪ್ರತಿ ಆರು ತಿಂಗಳಿಗೊಮ್ಮೆ ನವೀಕರಿಸುವ ತಾತ್ಕಾಲಿಕ ಕೆಲಸ. ಮಗಳು ಹೊಟ್ಟೆಯಲ್ಲಿದ್ದಾಗಲೂ ಒಂಬತ್ತನೇ ತಿಂಗಳವರೆಗೆ ಕೂತು ಎಣಿಸಿದರು. ರಜೆ ಹಾಕಿದರೆ ನವೀಕರಣ ಆಗುತ್ತದೋ ಇಲ್ಲವೋ ಎಂಬ ಭಯ. ಕೊನೆಯ ದಿನಗಳಲ್ಲಿ ಹೊಟ್ಟೆ ಮೇಜಿಗೆ ಅಡ್ಡ ಬಂದು ಕಣ್ಣು ಸೂಕ್ಷ್ಮದರ್ಶಕಕ್ಕೆ ಎಟುಕುತ್ತಿರಲಿಲ್ಲ. ಬಡಗಿ ಬಂದು ಮೇಜಿನ ಅಂಚನ್ನು ಅರ್ಧಚಂದ್ರಾಕಾರದಲ್ಲಿ ಕೊರೆದು ಕೊಟ್ಟ. ಆಸ್ಪತ್ರೆ ಬಿಟ್ಟು ಈ ಕ್ರೀಡಾ ಸಂಶೋಧನಾ ಕೇಂದ್ರಕ್ಕೆ ಬರುವಾಗ ಆ ಮೇಜನ್ನೂ ಕೇಳಿ ತಂದುಕೊಂಡರು. ಮಗಳಿಗೆ ಈಗ ಇಪ್ಪತ್ತಾರು. ಅವಳು ಎಂದಾದರೂ ಇಲ್ಲಿಗೆ ಬಂದರೆ ಆ ಕೊರಕಲನ್ನು ತೋರಿಸಿ, "ನಿನ್ನ ಮೊದಲನೇ ಕುರ್ಚಿ," ಎನ್ನುತ್ತಾರೆ.

ಗಂಡ ದರ್ಜಿ. ಬೀದಿಯ ತಿರುವಿನಲ್ಲಿ ಒಂದು ಬಾಗಿಲಿನ ಅಂಗಡಿ. ಹೆಂಡತಿಯ ಕೆಲಸದ ಬಗ್ಗೆ ಕೇಳಿದರೆ ಅವರು ಕತ್ತರಿ ಕೆಳಗಿಟ್ಟು ಗಂಭೀರವಾಗಿ ಹೇಳುತ್ತಾರೆ: "ನಮ್ಮನೇಲಿ ಎರಡು ಸೂಜಿ. ನಂದು ಹೊಲಿಯುತ್ತೆ, ಅವಳದ್ದು ಚುಚ್ಚುತ್ತೆ. ಹೆಂಗೋ ಸಂಸಾರ ಹರಿಯದೆ ನಡ್ಕೊಂಡು ಬಂದಿದೆ." ಸೂಜಿಯಮ್ಮನ ಮಟ್ಟಿಗೆ ಅದು ಇಪ್ಪತ್ತೆಂಟು ವರ್ಷ ಹಳೆಯ ಜೋಕು.

ರಕ್ತ ತೆಗೆಯುವುದು ಅವರ ಕೆಲಸದ ಕಾಲು ಭಾಗ. ಉಳಿದ ಮುಕ್ಕಾಲು ಭಾಗ ಎಣಿಸುವುದು. ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಯ ಮೇಲಿಟ್ಟು, ಇನ್ನೊಂದು ಪಟ್ಟಿಯ ಅಂಚಿನಿಂದ ಒಂದೇ ಉಸಿರಿಗೆ ನೂಕಿದರೆ ನಾಲಿಗೆಯ ಆಕಾರದಲ್ಲಿ ತೆಳ್ಳನೆಯ ಲೇಪ ಬೀಳುತ್ತದೆ. ಒಣಗಿಸಿ, ಬಣ್ಣ ಹಾಕಿ, ತೊಳೆದು, ಮತ್ತೆ ಒಣಗಿಸಿ ನೋಡಬೇಕು. ಎಡಗೈ ಪಟ್ಟಿಯನ್ನು ಸರಿಸುತ್ತಿರುತ್ತದೆ. ಬಲಗೈ ಬೆರಳುಗಳು ಪಕ್ಕದ ಎಣಿಕೆ ಪೆಟ್ಟಿಗೆಯ ಗುಂಡಿಗಳ ಮೇಲಿರುತ್ತವೆ. ರಕ್ತದ ಪ್ರತಿ ಜಾತಿಯ ಬಿಳಿಕಣಕ್ಕೂ ಒಂದೊಂದು ಗುಂಡಿ. ನೂರಾದಾಗ ಪೆಟ್ಟಿಗೆ ಟಿಣ್ ಎನ್ನುತ್ತದೆ. ಸೂಜಿಯಮ್ಮ ಎರಡು ಟಿಣ್ ಆಗುವವರೆಗೆ, ಅಂದರೆ ಇನ್ನೂರು ಕಣ ಆಗುವವರೆಗೆ ತಲೆ ಎತ್ತುವುದಿಲ್ಲ. ಫೋನ್ ಬಂದರೂ ಇಲ್ಲ, ನಿರ್ದೇಶಕರು ಬಂದರೂ ಇಲ್ಲ.

ಓಟಗಾರರ ಮೇಲೆ ಇಲ್ಲಿ ನಡೆಯುತ್ತಿರುವ ಅಧ್ಯಯನದಲ್ಲಿ ಒಬ್ಬೊಬ್ಬರಿಂದ ಐದು ಸಲ ರಕ್ತ ತೆಗೆಯುತ್ತಾರೆ: ಓಡುವ ಮೊದಲು, ಓಡಿ ನಿಂತ ತಕ್ಷಣ, ಒಂದು ಗಂಟೆಗೆ, ಮೂರು ಗಂಟೆಗೆ, ಮರುದಿನ. ಒಂಬತ್ತು ಜನಕ್ಕೆ ನಲವತ್ತೈದು ಪಟ್ಟಿ. ಪಟ್ಟಿಗೆ ಇನ್ನೂರರಂತೆ ಒಂಬತ್ತು ಸಾವಿರ ಕಣ. ಇಷ್ಟನ್ನೂ ಯಂತ್ರವೂ ಎಣಿಸುತ್ತದೆ, ಒಂದು ಕೊಳವೆಗೆ ಒಂದು ನಿಮಿಷದಲ್ಲಿ. "ಅದು ಎಷ್ಟು ಅಂತ ಹೇಳುತ್ತೆ. ಹೆಂಗಿದಾವೆ ಅಂತ ಹೇಳಲ್ಲ," ಎನ್ನುತ್ತಾರೆ ಸೂಜಿಯಮ್ಮ. ಈ ಎಣಿಕೆಗೆ ಬೆಲೆಯಾಗಿ ತಮ್ಮ ಕತ್ತು ಕೊಟ್ಟಿದ್ದಾರೆ. ಎಡಕ್ಕೆ ತಿರುಗಿದರೆ ಬಲಗಡೆ ಹಿಡಿಯುತ್ತದೆ. ಇಲ್ಲಿಂದ ಹೊರಬಿದ್ದ ಪ್ರಬಂಧಗಳ ಕೊನೆಯಲ್ಲಿ 'ತಾಂತ್ರಿಕ ನೆರವಿಗೆ ಕೃತಜ್ಞತೆಗಳು' ಎಂಬ ಸಾಲು ಇರುತ್ತದೆ. ಯಾರ ನೆರವು ಎಂದು ಇರುವುದಿಲ್ಲ.

ಓಡುವಾಗ ರಕ್ತದೊಳಗೆ ಏನಾಗುತ್ತದೆ ಎಂಬುದನ್ನು ಅಧ್ಯಯನ ನಡೆಸುವ ಡಾಕ್ಟರಮ್ಮ ಅಂಕಿಗಳ ನಕ್ಷೆ ಹಾಕಿ ವಿವರಿಸುತ್ತಾರೆ. ಸೂಜಿಯಮ್ಮನಿಗಿಂತ ಇಪ್ಪತ್ತು ವರ್ಷ ಚಿಕ್ಕವರು, ಚುರುಕು ಮಾತಿನವರು. ಬಿಳಿಕಣಗಳೆಲ್ಲ ಸದಾ ರಕ್ತದಲ್ಲಿ ಸುತ್ತುತ್ತಲೇ ಇರುವುದಿಲ್ಲ. ಬಹುಪಾಲು ಗುಲ್ಮದಲ್ಲಿ, ದುಗ್ಧಗ್ರಂಥಿಗಳಲ್ಲಿ, ರಕ್ತನಾಳಗಳ ಗೋಡೆಗಳಿಗೆ ಅಂಟಿ ಕೂತಿರುತ್ತವೆ. ಮನುಷ್ಯ ಓಡತೊಡಗಿ ಎದೆ ಬಡಿತ ಏರಿದಾಗ ಅವು ಕಿತ್ತುಬಂದು ಹರಿವಿಗೆ ಸೇರುತ್ತವೆ. ವೈರಾಣು ಹೊಕ್ಕ ಜೀವಕೋಶಗಳನ್ನು ಗುರುತಿಸಿ ಹೊಡೆಯುವ ಲಿಂಫೊಸೈಟುಗಳು ಓಟದ ನಡುವೆ ಏರುತ್ತ ಹೋಗುತ್ತವೆ. ಓಟ ದೀರ್ಘವಾಗಿದ್ದರೆ, ನಿಂತ ಒಂದೆರಡು ಗಂಟೆಯಲ್ಲಿ ಅವೇ ಲಿಂಫೊಸೈಟುಗಳು ಸರ್ರನೆ ಇಳಿದು, ಓಡುವ ಮೊದಲಿದ್ದುದಕ್ಕಿಂತಲೂ ಕೆಳಗೆ ಹೋಗುತ್ತವೆ. ಬ್ಯಾಕ್ಟೀರಿಯಾ ನುಂಗುವ ನ್ಯೂಟ್ರೊಫಿಲ್‌ಗಳು ಮಾತ್ರ ಇನ್ನೂ ಹಲವು ಗಂಟೆ ಏರುತ್ತಲೇ ಇರುತ್ತವೆ. ಮರುದಿನದ ಹೊತ್ತಿಗೆ ಎಲ್ಲ ಹೆಚ್ಚುಕಡಿಮೆ ಮೊದಲಿನ ಜಾಗಕ್ಕೆ ಬಂದಿರುತ್ತವೆ.

ಆ ಇಳಿತ ಏಕೆ ಎಂಬುದರ ಬಗ್ಗೆ ಬಹಳ ಕಾಲ ಒಂದೇ ಉತ್ತರವಿತ್ತು: ದೇಹ ದಣಿದಿದೆ, ಕಾವಲು ಸಡಿಲವಾಗಿದೆ, ಕಾಯಿಲೆ ಹೊಕ್ಕಲು ಇದೇ ಸಮಯ. ಈಗ ಅನೇಕರು ಬೇರೆ ರೀತಿ ಯೋಚಿಸುತ್ತಾರೆ. ರಕ್ತದಿಂದ ಕಾಣೆಯಾದ ಕಣಗಳು ಸಾಯುವುದು ಕಡಿಮೆ. ಅವು ಶ್ವಾಸಕೋಶ, ಕರುಳಿನಂಥ ಜಾಗಗಳಿಗೆ ಹೋಗಿ ತಪಾಸಣೆಯಲ್ಲಿ ತೊಡಗಿರಬಹುದು. ಇನ್ನೂ ಪೂರ್ತಿ ಇತ್ಯರ್ಥವಾಗಿಲ್ಲ ಎಂದು ಡಾಕ್ಟರಮ್ಮ ಪ್ರತಿ ಸಲ ಸೇರಿಸುತ್ತಾರೆ. ಸೂಜಿಯಮ್ಮನಿಗೆ ಅಷ್ಟು ಕಾಯುವ ತಾಳ್ಮೆ ಇಲ್ಲ. "ಹಗಲು ಹೊತ್ತು ನಮ್ಮನೆ ಬಾಗಿಲು ತಟ್ಟಿ, ಒಳಗೆ ಯಾರೂ ಇಲ್ಲ, ಎಲ್ಲ ಸತ್ತೋದ್ರು ಅಂತ ಬರ್ಕೊಂಡು ಹೋದ್ರೆ ಹೆಂಗೆ? ಕೆಲಸಕ್ಕೆ ಹೋಗಿರ್ತೀವಿ. ಸಂಜೆ ಬರ್ತೀವಿ."

ಇಷ್ಟು ಗೊತ್ತಿದ್ದೂ ಸೋಮವಾರ ಅವರಿಂದ ತಪ್ಪಾಯಿತು.

ಅಂದಿನದು ಅಧ್ಯಯನದ ರಕ್ತವಲ್ಲ. ತಂಡದ ಆಯ್ಕೆಗೆ ಮುನ್ನ ನಡೆಯುವ ಆರೋಗ್ಯ ತಪಾಸಣೆಯದು. ಎಲ್ಲರಿಗೂ ಮೊದಲೇ ಹೇಳಲಾಗಿತ್ತು: ಖಾಲಿ ಹೊಟ್ಟೆಯಲ್ಲಿ ಬನ್ನಿ, ಹಿಂದಿನ ದಿನದಿಂದ ವ್ಯಾಯಾಮ ಮಾಡಬೇಡಿ. ಫಾರಂನಲ್ಲಿ 'ಇಪ್ಪತ್ನಾಲ್ಕು ಗಂಟೆಯೊಳಗೆ ವ್ಯಾಯಾಮ ಮಾಡಿದ್ದೀರಾ?' ಎಂಬ ಪ್ರಶ್ನೆಯ ಮುಂದೆ ಗಡಿಯಾರ ದುಂಡಗಿನ ಅಕ್ಷರದಲ್ಲಿ 'ಇಲ್ಲ' ಎಂದು ಬರೆದಳು. ಬೆಂಚಿನ ಕೊನೆಯಲ್ಲಿ ಸದ್ದಿಲ್ಲದೆ ಕೂತಳು. ಉಳಿದವರು ಗಡಿಬಿಡಿಯಲ್ಲಿದ್ದರು. ಅವಳ ಮುಖ ಮಾತ್ರ ಶಾಂತವಾಗಿತ್ತು. ಸೂಜಿಯಮ್ಮ ಹೊರಗೆ ಇಣುಕಿ, "ನೀನು ಸ್ವಲ್ಪ ಕೂತ್ಕೊ ಮಗಳೇ, ಇವ್ರಿಗೆಲ್ಲ ಕೆಲಸಕ್ಕೆ ಹೊತ್ತಾಗಿದೆ," ಎಂದರು. ಅವಳು ಒಂದೂವರೆ ಗಂಟೆ ಕೂತಳು.

ಅವಳ ರಕ್ತದಲ್ಲಿ ಬಿಳಿಕಣಗಳ ಒಟ್ಟು ಸಂಖ್ಯೆ ಹನ್ನೊಂದು ಸಾವಿರದ ಮೇಲಿತ್ತು. ಇನ್ನೂರರಲ್ಲಿ ಲಿಂಫೊಸೈಟು ಬರೀ ಹದಿನಾರು. ಸಾಮಾನ್ಯವಾಗಿ ಐವತ್ತು, ಅರವತ್ತು ಇರಬೇಕು. ಯಂತ್ರವೂ ಅದನ್ನೇ ಹೇಳಿತು. ಸೂಜಿಯಮ್ಮ ಬರೆದು ಸಹಿ ಹಾಕಿದರು. ಮಂಗಳವಾರ ಕಾಗದ ಕೋಚ್ ಕೈ ಸೇರಿತು. ಸಂಜೆ ಕೋಚ್ ಡಾಕ್ಟರಮ್ಮನಿಗೆ ಫೋನ್ ಮಾಡಿ, ಗಡಿಯಾರ ಎಲ್ಲೋ ಜ್ವರ ಮುಚ್ಚಿಡುತ್ತಿದ್ದಾಳೆ, ಮೂರು ವಾರ ವಿಶ್ರಾಂತಿ, ಪಟ್ಟಿಯಲ್ಲಿ ಅವಳ ಹೆಸರಿಲ್ಲ ಎಂದರು.

ಈ ಓಟ ಅವಳಿಗೆ ಹಿಂದೆ ಎರಡು ಸಲ ಕೈತಪ್ಪಿದೆ. ಒಮ್ಮೆ ಕಣಕಾಲು ಉಳುಕಿ, ಇನ್ನೊಮ್ಮೆ ತಾಯಿಯ ಕೊನೆಯ ದಿನಗಳಲ್ಲಿ. ಮುಂದಿನ ಅವಕಾಶ ಎರಡು ವರ್ಷ ಬಿಟ್ಟು. ಸೂಜಿಯಮ್ಮ ಇದನ್ನೆಲ್ಲ ಬಲ್ಲರು. ಪಕ್ಕದ ಕೋಣೆಯಿಂದ ಫೋನಿನ ಮಾತು ಕೇಳಿಸಿಕೊಂಡು, ಮನೆಗೆ ಹೊರಟವರು ಚೀಲ ಕೆಳಗಿಟ್ಟರು. ಸೋಮವಾರದ ಗಾಜಿನ ಪಟ್ಟಿಯನ್ನು ಡಬ್ಬಿಯಿಂದ ತೆಗೆದು ಮತ್ತೆ ನೋಡಿದರು.

"ಸೋಂಕು ಬಂದ್ರೆ ಮೈ ಗಾಬರಿ ಬೀಳುತ್ತೆ," ಎಂದು ಅವರು ವಿವರಿಸುತ್ತಾರೆ. "ಇನ್ನೂ ಬಲಿಯದ ನ್ಯೂಟ್ರೊಫಿಲ್‌ಗಳನ್ನೂ ಹೊರಗೆ ನೂಕುತ್ತೆ. ಅವುಗಳ ಒಳಗೆ ಒರಟು ಒರಟಾದ ಚುಕ್ಕೆ ಕಾಣುತ್ತೆ. ಇಲ್ಲಿ ಹಾಗೇನೂ ಇರ್ಲಿಲ್ಲ. ಎಲ್ಲ ಬಲಿತವು, ನೀಟಾಗಿ ತಲೆ ಬಾಚ್ಕೊಂಡು ಬಂದ ಹಂಗಿದ್ವು. ಇದು ಜ್ವರದ ರಕ್ತ ಅಲ್ಲ, ಓಡಿದವರ ರಕ್ತ ಅಂತ ಅನ್ನಿಸ್ತು. ಆದ್ರೆ ಅವಳು ಓಡಿಲ್ಲ ಅಂತ ಬರ್ದಿದಾಳೆ, ಅವಳು ಸುಳ್ಳು ಹೇಳೋಳಲ್ಲ." ರಾತ್ರಿ ಅವಳು ಪಾಳಿ ಮುಗಿಸಿ ಬರುವ ಹೊತ್ತಿಗೆ ಅವಳ ಅಕ್ಕನ ಮನೆಗೆ ಫೋನ್ ಮಾಡಿದರು. ಅಕ್ಕನ ಜೊತೆಯಲ್ಲೇ ಗಡಿಯಾರ ಇರುವುದು. ಆ ಮಾತುಕತೆಯನ್ನು ಸೂಜಿಯಮ್ಮ ಈಗ ಇಬ್ಬರ ದನಿಯಲ್ಲೂ ಆಡಿ ತೋರಿಸುತ್ತಾರೆ.

"ಸೋಮವಾರ ಬೆಳಿಗ್ಗೆ ಓಡಿದ್ಯಾ?"

"ಇಲ್ಲಮ್ಮ. ನೀವು ಬೇಡ ಅಂದಿದ್ರಲ್ಲ."

"ಲ್ಯಾಬಿಗೆ ಹೆಂಗೆ ಬಂದೆ?"

"ಯಾವಾಗ್ಲೂ ಬರೋ ಹಂಗೇ."

"ಅಂದ್ರೆ ಹೆಂಗೆ ಕಣೇ, ಹಾರ್ಕೊಂಡು ಬಂದ್ಯಾ?"

"ಕಾಲಲ್ಲಿ."

ಅಕ್ಕನ ಮನೆಯಿಂದ ಲ್ಯಾಬಿಗೆ ಇಪ್ಪತ್ನಾಲ್ಕು ಕಿಲೋಮೀಟರ್. ಕಾರ್ಖಾನೆಗೂ ಹೆಚ್ಚುಕಡಿಮೆ ಅಷ್ಟೇ. ಬಸ್ಸು ಎರಡು ಕಡೆ ಬದಲಾಯಿಸಬೇಕು, ಹೊತ್ತಿಗೆ ಸರಿಯಾಗಿ ಬರುವುದಿಲ್ಲ. ಹಾಗಾಗಿ ಅವಳು ಆರು ವರ್ಷದಿಂದ ಹೋಗುವಲ್ಲಿಗೆಲ್ಲ ಹೀಗೇ ಹೋಗುತ್ತಾಳೆ. ಸೋಮವಾರವೂ ಎರಡು ಗಂಟೆಗೂ ಮೇಲೆ ಓಡಿ ಬಂದು, ನಲ್ಲಿಯಲ್ಲಿ ಮುಖ ತೊಳೆದು, ಚೀಲದಲ್ಲಿದ್ದ ಒಣ ಅಂಗಿ ತೊಟ್ಟು ಬೆಂಚಿನ ಮೇಲೆ ಕೂತಿದ್ದಳು.

"ಅದು ಪ್ರಾಕ್ಟೀಸ್ ಅಲ್ಲಮ್ಮ," ಎಂದಳಂತೆ, ತನ್ನ ಮೇಲೆ ಸುಳ್ಳಿನ ಆರೋಪ ಬಂದವಳ ಹಾಗೆ. "ಬೆನ್ನ ಮೇಲೆ ಬ್ಯಾಗಿತ್ತು. ಬ್ಯಾಗ್ ಹಾಕ್ಕೊಂಡು ಯಾರಾದ್ರೂ ವ್ಯಾಯಾಮ ಮಾಡ್ತಾರಾ? ಅದು ಬರೋದು, ಅಷ್ಟೇ."

ಸೂಜಿಯಮ್ಮ ಫೋನ್ ಹಿಡಿದೇ ಬೆರಳು ಮಡಚಿ ಗಂಟೆ ಲೆಕ್ಕ ಹಾಕಿದರು. ಓಟ ನಿಂತ ಒಂದೂವರೆ ಗಂಟೆಗೆ, ಲಿಂಫೊಸೈಟುಗಳು ತಳ ಮುಟ್ಟಿರುವ ಹೊತ್ತಿಗೆ ಸರಿಯಾಗಿ ತಾವು ಚುಚ್ಚಿದ್ದಾರೆ. ಅಷ್ಟು ಹೊತ್ತು ಕೂರಿಸಿದವರೂ ತಾವೇ.

ಬುಧವಾರ ಬೆಳಿಗ್ಗೆ ಅವರು ಎರಡು ಮೆಟ್ಟಿಲು ಹತ್ತಿದರೂ ಏದುಸಿರು ಬಿಡುವ ತಮ್ಮ ಮೈಯನ್ನು ಎಳೆದುಕೊಂಡು ಮೈದಾನ ದಾಟಿ ಕೋಚ್ ಬಳಿಗೆ ಹೋದರು. ಕೋಚ್ ಐವತ್ತು ದಾಟಿದ ಮನುಷ್ಯ, ಕೊರಳಲ್ಲಿ ಸೀಟಿ, ಕಂಕುಳಲ್ಲಿ ಫೈಲು.

"ಸಹಿ ಹಾಕಿದ್ದೂ ನೀವೇ, ಈಗ ಅದನ್ನ ನಂಬಬೇಡಿ ಅಂತಿರೋದೂ ನೀವೇ," ಎಂದರು ಕೋಚ್.

"ಎಣಿಕೆ ನಂಬಿ ಸಾರ್. ಆ ಎಣಿಕೆಯಿಂದ ನೀವು ತೆಗ್ದಿರೋ ಅರ್ಥ ಬೇಡ ಅಂತಿದೀನಿ."

"ಅವಳಂದ್ರೆ ನಿಮಗೆ ಪ್ರಾಣ. ಊರಿಗೆಲ್ಲ ಗೊತ್ತು."

ಆ ಮಾತು ಚುರುಕ್ಕೆಂದಿತು. ಆದರೆ ಕೋಚ್ ಕೆಟ್ಟವರಲ್ಲ. ಮೂರು ವರ್ಷದ ಹಿಂದೆ ಒಬ್ಬ ಹುಡುಗ ಜ್ವರವನ್ನು ಮುಚ್ಚಿಟ್ಟು ಓಡಿ, ಮೂವತ್ತನೇ ಕಿಲೋಮೀಟರಿನಲ್ಲಿ ಕುಸಿದುಬಿದ್ದ. ಜ್ವರ ಹೃದಯಕ್ಕೆ ಇಳಿದಿತ್ತು. ಬದುಕಿಕೊಂಡ, ಮತ್ತೆ ಓಡಲಿಲ್ಲ. ಆ ದಿನ ಅವನನ್ನು ಎತ್ತಿಕೊಂಡು ಗಾಡಿಗೆ ಹಾಕಿದವರು ಈ ಕೋಚ್. "ನನಗೆ ಪದಕ ಆಮೇಲೆ," ಎಂದರು. "ಒಂದು ದಿನ ಅವಳು ಓಡಕೂಡದು. ಬರೋದಕ್ಕೂ, ಹೋಗೋದಕ್ಕೂ. ಗುರುವಾರ ಬೆಳಿಗ್ಗೆ ಹೊಸ ರಕ್ತ ತೆಗೀರಿ, ಡಾಕ್ಟರು ಎದೆ ಗಂಟಲು ಎಲ್ಲ ನೋಡ್ಲಿ. ಹನ್ನೆರಡಕ್ಕೆ ಪಟ್ಟಿ ಹೋಗುತ್ತೆ. ಒಂದು ನಿಮಿಷ ಹೆಚ್ಚು ಕೇಳಬೇಡಿ."

ಆ ಗುರುವಾರ ಇವತ್ತು. ಉಳಿದ ಎಂಟು ಮಂದಿ ಬಂದಿರುವುದು ಅಧ್ಯಯನದ ರಕ್ತ ಕೊಡಲು.

ಗಡಿಯಾರದ ಕೊಳವೆಯ ರಕ್ತವನ್ನೂ ಗಾಜಿನ ಪಟ್ಟಿಯ ಮೇಲೆ ಲೇಪಿಸಿ, ಬಣ್ಣ ಹಾಕಿ ಒಣಗಿಸಿದ ಮೇಲೆ ಸೂಜಿಯಮ್ಮ ಒಂದು ಕೆಲಸ ಮಾಡುತ್ತಾರೆ. ಒಂಬತ್ತೂ ಪಟ್ಟಿಗಳನ್ನು ತಟ್ಟೆಯಲ್ಲಿಟ್ಟು ಡಾಕ್ಟರಮ್ಮನ ಕೋಣೆಗೆ ಒಯ್ಯುತ್ತಾರೆ. "ಹೆಸರು ಮುಚ್ಚಿ ಚೀಟಿ ಅಂಟಿಸಿ. ಕಲಸಿ ಕೊಡಿ. ಯಾವುದು ಯಾರದ್ದು ಅಂತ ನನಗೆ ಗೊತ್ತಾಗಬಾರದು."

"ನಿಮ್ಮ ಮೇಲೆ ನನಗೆ ಅನುಮಾನ ಇಲ್ಲ ಸೂಜಿಯಮ್ಮ," ಎನ್ನುತ್ತಾರೆ ಡಾಕ್ಟರಮ್ಮ.

"ನನಗಿದೆ. ಕೋಚ್ ಹೇಳಿದ್ದು ಸುಳ್ಳಲ್ಲ. ಅವಳದ್ದು ಅಂತ ಗೊತ್ತಾದ್ರೆ ನನ್ನ ಕಣ್ಣು ಲಿಂಫೊಸೈಟು ಇರೋ ಕಡೆಗೇ ಹೋಗುತ್ತೆ. ಬೇಕು ಅಂತಲ್ಲ. ಹೋಗ್ಬಿಡುತ್ತೆ."

ತಟ್ಟೆ ವಾಪಸು ಬಂದಾಗ ಅದರಲ್ಲಿ ಹತ್ತು ಪಟ್ಟಿಗಳಿವೆ. ಸೂಜಿಯಮ್ಮ ಎಣಿಸಿ ನೋಡಿ ಹುಬ್ಬು ಹಾರಿಸುತ್ತಾರೆ. ಡಾಕ್ಟರಮ್ಮ ಆಗಲೇ ಬೇರೆ ಫೈಲು ಬಿಡಿಸಿಕೊಂಡಿದ್ದಾರೆ. ಇವರು ತಟ್ಟೆಯನ್ನು ತಮ್ಮ ಮೇಜಿಗೆ ಒಯ್ಯುತ್ತಾರೆ.

ಎಂಟೂಕಾಲಿಗೆ ಕೂರುತ್ತಾರೆ. ಮೇಜಿನ ಕೊರಕಲಿಗೆ ಮೈ ಒತ್ತಿ, ಕನ್ನಡಕ ಹಣೆಗೇರಿಸಿ, ಕಣ್ಣು ಸೂಕ್ಷ್ಮದರ್ಶಕಕ್ಕೆ ಇಡುತ್ತಾರೆ. ಗುಂಡಿಗಳ ಟಕಟಕ. ಟಿಣ್. ಮತ್ತೆ ಟಕಟಕ. ಮೊದಲ ಪಟ್ಟಿ, ಲಿಂಫೊಸೈಟು ಐವತ್ತೆಂಟು. ಎರಡನೆಯದು ಎಪ್ಪತ್ತೊಂದು. ಮೂರನೆಯದು ಅರವತ್ತಾರು. ನಾಲ್ಕನೇ ಪಟ್ಟಿಯಲ್ಲಿ ಟಕಟಕದ ಲಯ ಬದಲಾಗುತ್ತದೆ. ಒಂದೇ ಗುಂಡಿ ಬಡಿದುಕೊಳ್ಳುತ್ತಿದೆ. ನ್ಯೂಟ್ರೊಫಿಲ್, ನ್ಯೂಟ್ರೊಫಿಲ್, ನ್ಯೂಟ್ರೊಫಿಲ್. ಎರಡನೇ ಟಿಣ್ ಆದಾಗ ಲಿಂಫೊಸೈಟು ಹದಿನೇಳು.

ಸೂಜಿಯಮ್ಮ ತಲೆ ಎತ್ತಿ ಗೋಡೆ ನೋಡುತ್ತಾರೆ. ಬಾಗಿಲಾಚೆ ಬೆಂಚಿನ ಮೇಲೆ ಗಡಿಯಾರ ಕೂತಿರುವುದು ಅರ್ಧ ತೆರೆದ ಬಾಗಿಲ ಸಂದಿಯಿಂದ ಕಾಣುತ್ತದೆ. ನಿನ್ನೆಯಿಂದ ಓಡದೆ ಅವಳ ಮೊಣಕಾಲು ತಾನಾಗಿ ಕುಣಿಯುತ್ತಿದೆ. ಹಾಗಾದರೆ ಅವಳಿಗೆ ನಿಜಕ್ಕೂ ಏನೋ ಆಗಿದೆಯೆ? ಮಂಗಳವಾರ ತಾವು ನೋಡಿದ್ದು ತಾವು ನೋಡಬೇಕೆಂದುಕೊಂಡಿದ್ದನ್ನೆ? ಇನ್ನೊಮ್ಮೆ ಎಣಿಸಿದರೆ ಎರಡು ಮೂರು ಹೆಚ್ಚು ಸಿಗಬಹುದು. ಪಟ್ಟಿಯ ಇನ್ನೊಂದು ಅಂಚಿನಲ್ಲಿ ಎಣಿಸಿದರೆ ಇನ್ನೂ ಒಂದೆರಡು. ಅವರ ಎಡಗೈ ಪಟ್ಟಿಯ ಮೇಲೆ ಸ್ವಲ್ಪ ಹೊತ್ತು ಹಾಗೇ ಇರುತ್ತದೆ. ಕೊನೆಗೆ ಪೆನ್ನು ತೆಗೆದುಕೊಂಡು ನಾಲ್ಕನೇ ಸಾಲಿನಲ್ಲಿ '17' ಎಂದು ಬರೆದು ಐದನೇ ಪಟ್ಟಿ ಇಡುತ್ತಾರೆ.

ಹತ್ತೂ ಪಟ್ಟಿ ಮುಗಿದಾಗ ಹತ್ತೂವರೆ. ಹಾಳೆಯನ್ನು ಡಾಕ್ಟರಮ್ಮನ ಮೇಜಿನ ಮೇಲಿಟ್ಟು, ನಿಂತೇ ಇರುತ್ತಾರೆ. ಡಾಕ್ಟರಮ್ಮ ಒಂದೊಂದಾಗಿ ಚೀಟಿ ಕೀಳುತ್ತಾರೆ. ಮೂರನೆಯ ಪಟ್ಟಿಯಲ್ಲಿ ಬೆರಳು ನಿಲ್ಲುತ್ತದೆ.

"ಇದು ಗಡಿಯಾರದ್ದು. ಅರವತ್ತಾರು."

"ನಾಲ್ಕು?"

"ಅದೂ ಗಡಿಯಾರದ್ದೇ. ಸೋಮವಾರದ್ದು. ನಾನೇ ಸೇರಿಸಿದ್ದು. ಅವತ್ತು ಹದಿನಾರು ಅಂದ್ರಿ, ಇವತ್ತು ಯಾರದ್ದು ಅಂತ ಗೊತ್ತಿಲ್ದೆ ಹದಿನೇಳು ಅಂದ್ರಿ. ಕೋಚ್ ಕೇಳಿದ್ರೆ ಇದಕ್ಕಿಂತ ಇನ್ನೇನು ತೋರಿಸ್ಲಿ?"

ಸೂಜಿಯಮ್ಮ ಕುರ್ಚಿ ಎಳೆದುಕೊಂಡು ಕೂರುತ್ತಾರೆ. "ಒಂದು ಮಾತು ಹೇಳಿದ್ರೆ ಏನಾಗ್ತಿತ್ತು ತಾಯಿ? ನನ್ನ ಎದೆ ಬಾಯಿಗೆ ಬಂದಿತ್ತು."

"ನೀವೇ ಅಲ್ವಾ ಮುಚ್ಚಿ ಕೊಡಿ ಅಂದಿದ್ದು?"

ಹನ್ನೊಂದಕ್ಕೆ ಕೋಚ್ ತಾವೇ ಬರುತ್ತಾರೆ. ಎರಡೂ ಎಣಿಕೆ ನೋಡುತ್ತಾರೆ, ಡಾಕ್ಟರಮ್ಮ ಎದೆಬಡಿತದ ಇಸಿಜಿ ಕಾಗದ ತೋರಿಸುತ್ತಾರೆ, ಜ್ವರವಿಲ್ಲ, ಗಂಟಲು ಸರಿ ಇದೆ ಎನ್ನುತ್ತಾರೆ. ಕೋಚ್ ಫೈಲು ತೆರೆದು, ಅಚ್ಚಾಗಿದ್ದ ಎಂಟು ಹೆಸರುಗಳ ಕೆಳಗೆ ಒಂಬತ್ತನೆಯದನ್ನು ಕೈಯಲ್ಲೇ ಬರೆಯುತ್ತಾರೆ. ಆಮೇಲೆ ಸೋಮವಾರದ ಕಾಗದವನ್ನು ಸೂಜಿಯಮ್ಮನ ಮುಂದೆ ಹಿಡಿಯುತ್ತಾರೆ. "ಇದನ್ನ ಹರಿದು ಹಾಕಿ. ಇನ್ನು ಇದ್ಯಾಕೆ?"

ಸೂಜಿಯಮ್ಮ ಅದನ್ನು ತೆಗೆದುಕೊಳ್ಳುತ್ತಾರೆ, ಹರಿಯುವುದಿಲ್ಲ. ಮೇಜಿನ ಮೇಲೆ ಹರಡಿ, ತಮ್ಮ ಸಹಿಯ ಕೆಳಗಿನ ಖಾಲಿ ಜಾಗದಲ್ಲಿ ಬರೆಯುತ್ತಾರೆ: 'ಈ ರಕ್ತ ತೆಗೆಯುವ ಮುನ್ನ ಇವರು ಇಪ್ಪತ್ನಾಲ್ಕು ಕಿಲೋಮೀಟರ್ ಓಡಿ ಬಂದು ಒಂದೂವರೆ ಗಂಟೆ ಕಾದಿದ್ದರು. ನಾನು ಕೇಳಲಿಲ್ಲ.'

"ಎರಡನೇ ವಾಕ್ಯ ಬೇಕಾಗಿಲ್ಲ," ಎನ್ನುತ್ತಾರೆ ಡಾಕ್ಟರಮ್ಮ.

"ಬೇಕು. ಇಲ್ದಿದ್ರೆ ಮುಂದೆ ನೋಡಿದವರು ಎಣಿಕೆ ತಪ್ಪಿತ್ತು ಅಂದ್ಕೊಳ್ತಾರೆ. ಎಣಿಕೆ ತಪ್ಪಿಲ್ಲ."

ಸುದ್ದಿ ಕೇಳಿದ ಗಡಿಯಾರ ಕುಣಿಯುವುದಿಲ್ಲ, ಅಳುವುದೂ ಇಲ್ಲ. ಬಗ್ಗಿ ಷೂ ಲೇಸು ಬಿಗಿಮಾಡಿಕೊಳ್ಳುತ್ತಾಳೆ. "ಈಗ ಓಡಬಹುದಾ ಅಮ್ಮ? ಎರಡಕ್ಕೆ ಪಾಳಿ ಇದೆ." ಸೂಜಿಯಮ್ಮ ಡಾಕ್ಟರಮ್ಮನ ಕಡೆ ನೋಡುತ್ತಾರೆ. ಡಾಕ್ಟರಮ್ಮ, ಮೊದಲು ಏನಾದರೂ ತಿನ್ನಲಿ, ಆಮೇಲೆ ನಿಧಾನವಾಗಿ ಹೋಗಲಿ ಎನ್ನುತ್ತಾರೆ. ಸೂಜಿಯಮ್ಮ ತಮ್ಮ ಊಟದ ಡಬ್ಬಿಯಲ್ಲಿದ್ದ ಎರಡು ಬಾಳೆಹಣ್ಣು, ಬ್ರೆಡ್ಡು ಅವಳ ಕೈಗಿಟ್ಟು ಎದುರಿಗೇ ಕೂತು ತಿನ್ನಿಸುತ್ತಾರೆ. "ಅಗಿದು ತಿನ್ನು. ಅದನ್ನೂ ಎರಡು ಸೆಕೆಂಡಲ್ಲಿ ಮುಗಿಸ್ಬೇಡ."

ಅವಳು ಬೆನ್ನಿಗೆ ಚೀಲ ಏರಿಸಿ ಹೊರಟಾಗ ಸೂಜಿಯಮ್ಮ ಬಾಗಿಲವರೆಗೆ ಬರುತ್ತಾರೆ, ಮತ್ತೆ ಏನೋ ಯೋಚಿಸಿ ಮೂರು ಮೆಟ್ಟಿಲು ಇಳಿದು ಗೇಟಿನವರೆಗೂ ಹೋಗುತ್ತಾರೆ. ಇನ್ನೊಂದಿಷ್ಟು ಕೊಳವೆಗಳು ಕಾಯುತ್ತಿವೆ. ಬಣ್ಣದ ಬಾಟಲಿಯ ಮುಚ್ಚಳ ತೆರೆದೇ ಇದೆ. ಗಡಿಯಾರ ರಸ್ತೆಯ ಅಂಚು ಹಿಡಿದು ಹೊರಟಿದ್ದಾಳೆ. ಮೊದಲು ಸಣ್ಣ ಹೆಜ್ಜೆ, ಆಮೇಲೆ ಉದ್ದನೆಯವು. ಚೀಲ ಒಂದೇ ಲಯದಲ್ಲಿ ಏರಿ ಇಳಿಯುತ್ತಿದೆ. ಪೆಟ್ರೋಲ್ ಬಂಕ್ ದಾಟಿ, ಸೇತುವೆಯ ಏರು ಹತ್ತಿ, ಅತ್ತ ಇಳಿದು ಮರೆಯಾಗುವವರೆಗೂ ಸೂಜಿಯಮ್ಮ ಗೇಟಿನ ಸರಳು ಹಿಡಿದು ನಿಂತಿರುತ್ತಾರೆ.

"ಆರು ವರ್ಷದಿಂದ ಇವಳ ರಕ್ತ ನೋಡ್ತಿದೀನಿ," ಎನ್ನುತ್ತಾರೆ. "ಇವರೆಲ್ಲ ಓಡೋ ಹೊತ್ತಲ್ಲಿ ನಾನು ಒಳಗೆ ಎಣಿಸ್ತಿರ್ತೀನಿ. ಇವಳು ಓಡೋದು ನೋಡಿದ್ದು ಇವತ್ತೇ."

ಸ್ವಲ್ಪ ಹೊತ್ತು ಖಾಲಿ ಸೇತುವೆಯನ್ನೇ ನೋಡಿ ಸೇರಿಸುತ್ತಾರೆ: "ಚೆನ್ನಾಗಿ ಓಡ್ತಾಳೆ, ಅಲ್ವಾ?"